ಎಲ್ಲಿ ಒತ್ತಲಿ?

ಮುಂಬಯಿಯ ಲೋಕಲ್ ಗಾಡಿಯ ಹೆಂಗಸರ ಡಬ್ಬದಲ್ಲಿ ಮಾರಾಟಕ್ಕೆ ಬರದ ವಸ್ತು ಯಾವುದಾದರೂ ಇದ್ದರೆ ಅದು ಸಂಸಾರಕ್ಕೆ ಬೇಡದ ವಸ್ತುವೆಂದೇ ತಿಳಿಯಬೇಕು. ಹೇರ್‌ಪಿನ್ನು, ಕರವಸ್ತ್ರ, ಬಳೆ, ಕಿತ್ತಳೆ ಹಣ್ಣು, ಮಕ್ಕಳ ಚಿತ್ರದ ಪುಸ್ತಕ; ಡೊಂಬಿವಲಿಯಲ್ಲಿ ಹತ್ತಿ ವಿ.ಟಿ.ಯಲ್ಲಿ ಇಳಿಯುವಷ್ಟರಲ್ಲಿ ಒಂದು ಸಣ್ಣ ಮದುವೆಯ ಸಾಮಾನು ಕೂಡಿಸಬಹುದು. ಎಂಬತ್ತರ ದಶಕದಲ್ಲಿ ಈ ಸಾಲಿಗೆ ಹೊಸದೊಂದು ಬಂದು ಸೇರಿತು. ಗೇಣುದ್ದದ ಕಟ್ಟಿಗೆಯ ತುಂಡು, ಮೈತುಂಬ ಮೊನಚು ಹಲ್ಲು. ಅಂಗೈಯಲ್ಲಿಟ್ಟು ಉರುಳಿಸಿದರೆ ಸಾಕು, ಇರುವ ರೋಗವೆಲ್ಲ ಹೋಗುತ್ತದೆ, ಬರಬೇಕಾದದ್ದು ದಾರಿಯಿಂದಲೇ ಹಿಂದಿರುಗುತ್ತದೆ ಎಂದು ಮಾರುವವಳು ಹೇಳುತ್ತಿದ್ದಳು. ಬೆಲೆ ಕೇಳಿದರೆ ಐದು ರೂಪಾಯಿ; ಕುರ್ಲಾ ಬರುವಷ್ಟರಲ್ಲಿ ಮೂರು.

ಅದುವರೆಗೆ ಗಾಡಿಯಲ್ಲಿ ಕೂತ ಹೆಂಗಸರ ಬೆರಳುಗಳು ಬಟಾಣಿ ಸುಲಿಯುವುದನ್ನೂ ಜಪಮಣಿ ಎಣಿಸುವುದನ್ನೂ ಬಲ್ಲವಾಗಿದ್ದವು. ಈಗ ಒಂದು ಕೈಯ ಹೆಬ್ಬೆರಳು ಇನ್ನೊಂದು ಕೈಯ ಅಂಗೈಯನ್ನು ಹುಡುಕಿ ಹುಡುಕಿ ಒತ್ತತೊಡಗಿತು. ದೇವೇಂದ್ರ ವೋರಾ ಅವರ ಆಕ್ಯುಪ್ರೆಶರ್ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲ ಅದು. ಅಂಗೈ, ಅಂಗಾಲುಗಳ ಚಿತ್ರ, ಅದರ ತುಂಬ ಅಂಕಿಗಳು. ಇದು ಮೂತ್ರಪಿಂಡ, ಇದು ಪಿತ್ತಕೋಶ, ಇದು ಕಣ್ಣು. ನಮ್ಮ ಉಪನಗರದ ಕನ್ನಡಿಗರೂ ಹಿಂದೆ ಬೀಳಲಿಲ್ಲ. ಒಂದು ಭಾನುವಾರ ಸಂಜೆ ಉಪನ್ಯಾಸ ಏರ್ಪಟ್ಟಿತು. ಭಾಷಣಕಾರರು ಎಲ್ಲರಿಗೂ ತಮ್ಮ ಅಂಗೈಯ ಇಂಥಿಂಥ ಕಡೆ ಬಲವಾಗಿ ಒತ್ತಿಕೊಳ್ಳುವಂತೆ ಹೇಳಿ, ಎಲ್ಲಿ ನೋಯುತ್ತದೆಯೋ ಆ ಅಂಗದಲ್ಲಿ ದೋಷವಿದೆ ಎಂದರು. ಒತ್ತಿದರೆ ನೋಯದ ಅಂಗೈ ಯಾರದು ಸ್ವಾಮಿ? ಚಹಾ, ಉಪ್ಪಿಟ್ಟು ಬರುವಷ್ಟರಲ್ಲಿ ಸಭೆಯಲ್ಲಿ ಯಕೃತ್ತು ಸರಿಯಿದ್ದವರು ಒಬ್ಬರೂ ಉಳಿದಿರಲಿಲ್ಲ.

ಹೀಗೆಂದು ನಾನು ಇಡೀ ವಿದ್ಯೆಯನ್ನು ನಗೆಗೆ ಈಡುಮಾಡುತ್ತಿದ್ದೇನೆಂದು ತಿಳಿಯಬೇಡಿ. ಕಳೆದ ನಲವತ್ತು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಒತ್ತದ ದಿನವೇ ಅಪರೂಪ. ಆದರೆ ಅದು ನಮಗೆ ಮಾಡಿದ ಉಪಕಾರ ಆ ಚಿತ್ರಪಟದಲ್ಲಿ ಬರೆದಿರಲಿಲ್ಲ. ಅದನ್ನೇ ಇಲ್ಲಿ ಹೇಳಬೇಕಾಗಿದೆ.

ನಮ್ಮ ಮನೆಗೆ ಆ ರೋಲರನ್ನು ತಂದವರು ಯಜಮಾನರು. ತಂದ ದಿನ ಅದನ್ನು ಮೊದಲು ಕೈಗೆತ್ತಿಕೊಂಡವರು ನಮ್ಮ ಅತ್ತೆ. ಮಾವನವರು ತೀರಿಕೊಂಡ ಮೇಲೆ, 1983ರಲ್ಲಿ, ಗದಗಿನ ಕಡೆಯ ಹಳ್ಳಿಯಿಂದ ಅವರು ನಮ್ಮ ಒಂದೂವರೆ ಕೋಣೆಯ ಬಿಡಾರಕ್ಕೆ ಬಂದಿದ್ದರು. ಎಮ್ಮೆ, ಹಿತ್ತಲು, ಓಣಿ ತುಂಬ ಮಾತು ಬಿಟ್ಟು ಬಂದ ಜೀವ. ಇಲ್ಲಿ ಕಿಟಕಿಯಿಂದ ಕಾಣುವುದು ಎದುರಿನ ಕಟ್ಟಡದ ಒಣಗಿಸಿದ ಬಟ್ಟೆ. ಮರಾಠಿ ಬಾರದು, ಹಿಂದಿ ಬಾರದು. ನಾನೋ ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟರೆ ಫೋರ್ಟಿನ ಕಚೇರಿಯಲ್ಲಿ ದಿನವಿಡೀ ಟೈಪ್ ಕುಟ್ಟಿ ರಾತ್ರಿ ಏಳೂವರೆಗೆ ಸೇರುವವಳು. ನಮ್ಮಿಬ್ಬರ ನಡುವಿನ ಮಾತು ನೀರು ಬಂತೇ, ಹಾಲು ಕಾಸಿತೇ ಎಂಬಲ್ಲಿಗೆ ಮುಗಿಯುತ್ತಿತ್ತು. ಜಗಳವೂ ಇರಲಿಲ್ಲ; ಜಗಳಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ.

ಅತ್ತೆ ರೋಲರನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನ್ ಯವ್ವಾ, ಯಾವ ಸೀಮಿ ಲಟ್ಟಣಿಗಿ?" ಎಂದರು. ಇದು ಚೀನಾದ ವಿದ್ಯೆ, ಅಂಗಾಲಿನಲ್ಲಿ ಒತ್ತಿದರೆ ಒಳಗಿನ ಅಂಗಗಳಿಗೆ ಒಳ್ಳೆಯದಂತೆ ಎಂದು ನಾನು ಉಪನ್ಯಾಸದಲ್ಲಿ ಕೇಳಿದ್ದನ್ನು ಒಪ್ಪಿಸಿದೆ. ಅವರು ನಕ್ಕರು. "ಕಾಲು ಒತ್ತೂದನ್ನ ಚೀನಾದವರು ಬಂದು ಹೇಳಬೇಕಾತೇನು? ನಿಮ್ಮ ಮಾವನ ಕಾಲು ನಾ ನಲವತ್ತು ವರ್ಷ ಒತ್ತೀನಿ. ನಮ್ಮತ್ತಿ ಕಾಲು ಹದಿನಾರು ವರ್ಷ ಒತ್ತೀನಿ. ನನ್ನ ಕಾಲು ಮಾತ್ರ ಯಾರೂ ಒತ್ತಿಲ್ಲ ನೋಡು." ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಊರಲ್ಲಿ ಈ ವರ್ಷ ಮಳೆ ಕಡಿಮೆ ಎಂದು ಹೇಳುವ ದನಿಯಲ್ಲೇ ಹೇಳಿ, ರೋಲರನ್ನು ಶೆಲ್ಫಿನ ಮೇಲಿಟ್ಟು, ರೊಟ್ಟಿ ಬಡಿಯಲು ಎದ್ದುಹೋದರು.

ನಮ್ಮ ಕಡೆಯ ಮನೆಗಳಲ್ಲಿ ಮೈಕೈ ಒತ್ತುವುದು ಹೊಸದಲ್ಲ. ಬಾಣಂತಿಗೆ, ಕೂಸಿಗೆ ಎಣ್ಣೆ ನೀವಿ ಎರೆಯುವುದು, ಹೊಲದಿಂದ ಬಂದ ಗಂಡಸರು ಬೋರಲು ಮಲಗಿ ಮೊಮ್ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು, ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದು ಕಟ್ಟುವುದು, ಎಲ್ಲವೂ ಒತ್ತಡದ ವಿದ್ಯೆಯೇ. ಬೆನ್ನು ತುಳಿದದ್ದಕ್ಕೆ ಸಿಕ್ಕುತ್ತಿದ್ದ ಪೆಪ್ಪರ್‌ಮಿಂಟಿನ ರುಚಿ ನಿಮ್ಮಲ್ಲಿ ಹಲವರ ನಾಲಿಗೆಯ ಮೇಲೆ ಇನ್ನೂ ಇರಬೇಕು. ಆದರೆ ಅದಕ್ಕೊಂದು ಕಟ್ಟಳೆಯಿತ್ತು. ಒತ್ತುವ ಕೈ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಸೊಸೆ ಅತ್ತೆಗೆ, ಹೆಂಡತಿ ಗಂಡನಿಗೆ, ಕಿರಿಯ ಹಿರಿಯನಿಗೆ, ಆಳು ಧಣಿಗೆ. ತಿರುಗಾಮುರುಗಾ ಆಗುವಂತಿಲ್ಲ. ಓದಿ ನೌಕರಿಗೆ ಸೇರಿದ ನಮ್ಮ ತಲೆಮಾರಿನ ಸೊಸೆಯರು ಕಾಲು ಒತ್ತುವುದನ್ನು ಬಿಟ್ಟೆವು. ಬಿಟ್ಟದ್ದು ಸರಿಯೇ, ಅದು ಅಕ್ಕರೆಗಿಂತ ಹೆಚ್ಚಾಗಿ ಜೀತವಾಗಿತ್ತು. ಆದರೆ ಜೀತದ ಜೊತೆಗೆ ಮುಟ್ಟುವುದೂ ಹೋಯಿತು. ಒಂದೂವರೆ ಕೋಣೆಯಲ್ಲಿ ಐದು ಜನ ಮೈಗೆ ಮೈ ತಾಗಿ ಓಡಾಡುತ್ತಿದ್ದೆವು, ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ನಾನು ಅತ್ತೆಯ ಹಾಸಿಗೆಯ ಬಳಿ ಕೂತು ಪುಸ್ತಕ ಬಿಚ್ಚಿದೆ. ಪುಸ್ತಕ ಕೈಯಲ್ಲಿದ್ದದ್ದರಿಂದ ನಾನು ಸೊಸೆಯಾಗಿರಲಿಲ್ಲ, ಕಾಂಪೌಂಡರ್ ಆಗಿದ್ದೆ. ಚಿತ್ರ ನೋಡಿ ಅಂಕಿ ಹುಡುಕುವುದು, ಒತ್ತುವುದು, ಮತ್ತೆ ಚಿತ್ರ ನೋಡುವುದು. ಅತ್ತೆಯ ಅಂಗಾಲು ಒಣಭೂಮಿಯಂತೆ ಒಡೆದಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರು, "ಆ ಪುಸ್ತಕ ಮುಚ್ಚಿಡು. ಎಲ್ಲಿ ನೋಯ್ತದ ಅಂತ ನನ್ನ ಕೇಳು, ನಾ ಹೇಳ್ತೀನಿ" ಎಂದರು. ಎಲ್ಲಿ ಒತ್ತಲಿ ಎಂದು ಕೇಳಿದೆ. ಅದು ಬಹುಶಃ ನಾನು ಅವರನ್ನು ಕೇಳಿದ, ಅಡಿಗೆಗೂ ನೀರಿಗೂ ಸಂಬಂಧಪಡದ ಮೊದಲ ಪ್ರಶ್ನೆ.

ಇದಾಗಿ ಹತ್ತು ಹದಿನೈದು ದಿನಗಳಲ್ಲಿ ಇನ್ನೊಂದು ನಡೆಯಿತು. ತಿಂಗಳ ಕೊನೆಯ ಟೈಪಿಂಗಿನ ರಾಶಿ ಮುಗಿಸಿ, ದಾದರಿನಿಂದ ನಿಂತೇ ಬಂದು, ನಾನು ಗೋಡೆಗೊರಗಿ ಕಾಲು ಚಾಚಿ ಕೂತಿದ್ದೆ. ಅತ್ತೆ ಬಂದು ನನ್ನ ಪಾದ ಎಳೆದು ತೊಡೆಯ ಮೇಲಿಟ್ಟುಕೊಂಡರು. ನಾನು ಬೆಂಕಿ ಮುಟ್ಟಿದವಳಂತೆ ಕಾಲು ಹಿಂದಕ್ಕೆಳೆದೆ. ಅತ್ತೆ ಸೊಸೆಯ ಕಾಲು ಮುಟ್ಟುವುದೆಂದರೇನು! ಅವರು ಬಿಡಲಿಲ್ಲ. "ಸುಮ್ಮನಿರು. ಇದು ಕಾಲು ಒತ್ತೂದಲ್ಲ, ಔಷಧ" ಎಂದರು. ಚೀನಾ ದೇಶಕ್ಕೆ ನಾನು ಋಣಿಯಾಗಿದ್ದರೆ ಅದು ಈ ಒಂದು ಮಾತಿಗೆ. ಹೊಸ ಹೆಸರು ಇಟ್ಟದ್ದೇ ತಡ, ಯಾರು ಯಾರನ್ನು ಮುಟ್ಟಬಹುದು ಎಂಬ ಹಳೆಯ ಲೆಕ್ಕ ನಮ್ಮ ಮನೆಯಲ್ಲಿ ಕಲಸಿಹೋಯಿತು. ಯಜಮಾನರೂ ನನ್ನ ಕಾಲು ಒತ್ತಿದ್ದುಂಟು. ಆದರೆ ಅವರು ಮೊದಲು ಎದ್ದು ಬಾಗಿಲಿಗೆ ಚಿಲಕ ಹಾಕುತ್ತಿದ್ದರು.

ಅಂದಹಾಗೆ ಚೀನಾದ ವಿದ್ಯೆ ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳುತ್ತೇವಲ್ಲ, ಅದು ಅರ್ಧ ಮಾತ್ರ ನಿಜ. ಮೈಮೇಲಿನ ಗೊತ್ತಾದ ಜಾಗಗಳಲ್ಲಿ ಸೂಜಿ ಚುಚ್ಚುವುದು, ಸೂಜಿಯ ಬದಲು ಬೆರಳಿನಿಂದ ಒತ್ತುವುದು ಚೀನಾದ ಪುರಾತನ ಪದ್ಧತಿ. 1971ರಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಕರ್ತ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆಮೇಲಿನ ಹೊಟ್ಟೆಯುಬ್ಬರಕ್ಕೆ ಅಲ್ಲಿಯ ವೈದ್ಯರು ಸೂಜಿ ಚುಚ್ಚಿದ್ದನ್ನು ಆತ ತನ್ನ ಪತ್ರಿಕೆಗೆ ಬರೆದ. ಮರುವರ್ಷ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿ ಬಂದರು. ಅಲ್ಲಿಂದ ಲೋಕಕ್ಕೆಲ್ಲ ಸೂಜಿಯ ಹುಚ್ಚು ಹತ್ತಿತು. ನಮ್ಮ ದೇಶಕ್ಕೆ ಅದು ಅದಕ್ಕೂ ಮೊದಲೇ ಬಂದಿತ್ತು. 1938ರಲ್ಲಿ ಕಾಂಗ್ರೆಸ್ಸು ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸ್ ಒಬ್ಬರು. 1942ರಲ್ಲಿ ಅಲ್ಲಿಯೇ ತೀರಿಕೊಂಡ ಅವರ ಕಥೆಯನ್ನು ಶಾಂತಾರಾಂ ಅವರು 1946ರಲ್ಲಿ ಚಿತ್ರ ಮಾಡಿದ್ದರಿಂದ ಎಲ್ಲರಿಗೂ ಗೊತ್ತು. ಅದೇ ತಂಡದ ಡಾಕ್ಟರ್ ಬಿ. ಕೆ. ಬಸು ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಈ ಸೂಜಿವಿದ್ಯೆ ಕಲಿತು 1959ರಲ್ಲಿ ಕಲ್ಕತ್ತೆಯಲ್ಲಿ ಶುರುಮಾಡಿದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಇನ್ನು ಅಂಗಾಲಿನಲ್ಲಿ ಇಡೀ ದೇಹದ ನಕಾಶೆ ಇದೆ ಎನ್ನುವ ಮಾತು. ಅದು ನಮ್ಮ ಕೈಗೆ ಬಂದದ್ದು ಚೀನಾದಿಂದಲ್ಲ, ಅಮೆರಿಕದಿಂದ. ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಕಿವಿ ಮೂಗು ಗಂಟಲಿನ ವೈದ್ಯ ದೇಹವನ್ನು ಉದ್ದುದ್ದಕ್ಕೆ ಹತ್ತು ಪಟ್ಟಿಗಳಾಗಿ ವಿಂಗಡಿಸಿ 1917ರಲ್ಲಿ ಪುಸ್ತಕ ಬರೆದ. ಯೂನಿಸ್ ಇಂಗಮ್ ಎಂಬಾಕೆ ಅದನ್ನು ಪಾದಗಳಿಗೆ ಹೊಂದಿಸಿ ಒಂದೊಂದು ಅಂಗಕ್ಕೂ ಜಾಗ ಗುರುತಿಸಿದಳು. ಆಕೆಯ ಪುಸ್ತಕ ಬಂದದ್ದು 1938ರಲ್ಲಿ. ಮುಂಬಯಿಯಲ್ಲಿ ಈ ಎರಡನ್ನೂ ಕಲಸಿ ಮೇಲೊಂದಿಷ್ಟು ಆಯುರ್ವೇದ ಉದುರಿಸಿ ಭೇಲ್ ಮಾಡಿದರು. ರುಚಿಯೇನೋ ಇದೆ.

ಆಯುರ್ವೇದದ ಮರ್ಮಗಳ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ಸುಶ್ರುತ 107 ಮರ್ಮಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವಿನದು ಕ್ಷಿಪ್ರ. ಅಲ್ಲಿ ಪೆಟ್ಟಾದರೆ ಸೆಳವು ಬಂದು ಸಾವು ಎನ್ನುತ್ತಾನೆ. ಹೆಚ್ಚುಕಡಿಮೆ ಅದೇ ಜಾಗವನ್ನು ಚೀನಾದವರು ಹೆಗು ಎಂದು ಕರೆದು ತಲೆನೋವಿಗೆ ಒತ್ತುತ್ತಾರೆ. ಸುಶ್ರುತ ಹೇಳಿದ್ದು ಆಯುಧದ ಗಾಯದ ಮಾತು, ಬೆರಳಿನದಲ್ಲ, ಆದ್ದರಿಂದ ಹೆದರಬೇಕಾಗಿಲ್ಲ. ಆದರೆ ಎರಡೂ ದೇಶದವರ ಕಣ್ಣು ಕೈಯ ಅದೇ ಜಾಗದ ಮೇಲೆ ಬಿದ್ದದ್ದು ಸೋಜಿಗವಲ್ಲವೇ?

ಒತ್ತಿದರೆ ನೋವು ಏಕೆ ಕಡಿಮೆಯಾಗುತ್ತದೆ? ಮೊಣಕೈ ಬಾಗಿಲಿಗೆ ಬಡಿದರೆ ನಾವು ಯಾರೂ ಹೇಳಿಕೊಡದೆ ಅದನ್ನು ತಿಕ್ಕಿಕೊಳ್ಳುತ್ತೇವೆ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ಏರ್ಪಾಟಿದೆ. ಸ್ಪರ್ಶದ ಸುದ್ದಿ ತರುವ ನರಗಳು ಒಳಗೆ ನುಗ್ಗಿದಾಗ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ ಎಂದರು. ಸಂಜೆ ಆರರ ಲೋಕಲ್ ಹತ್ತಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ವಿವರಣೆಯನ್ನು ಆಮೇಲೆ ಬಹಳ ತಿದ್ದಿದ್ದಾರಂತೆ, ಮೂಲ ಮಾತು ಮಾತ್ರ ಉಳಿದಿದೆ.

ನಮ್ಮ ಮನೆಯಲ್ಲಿ ನಲವತ್ತು ವರ್ಷ ಒತ್ತಿ ಒತ್ತಿ ಉಳಿದುಕೊಂಡದ್ದು ನಾಲ್ಕೇ ಜಾಗಗಳು. ಮೊದಲನೆಯದು ಮೇಲೆ ಹೇಳಿದ ಹೆಗು. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿದರೆ ಕೈಯ ಹಿಂಬದಿಯಲ್ಲಿ ಮಾಂಸ ಉಬ್ಬಿ ಬರುತ್ತದೆ. ಆ ಉಬ್ಬಿನ ತುದಿ. ಕೈ ಸಡಿಲ ಬಿಟ್ಟು, ಅಲ್ಲಿ ಇನ್ನೊಂದು ಕೈಯ ಹೆಬ್ಬೆರಳಿಟ್ಟು ತೋರುಬೆರಳಿನ ಮೂಳೆಯ ಕಡೆಗೆ ಒತ್ತಬೇಕು. ಒಂದೆರಡು ನಿಮಿಷ ಸಾಕು. ಬಿಗಿದ ತಲೆನೋವಿಗೆ ಇದು ನನಗೆ ಹಿತ. ಬಸುರಿಯರಿಗೆ ಇಲ್ಲಿ ಒತ್ತಬಾರದೆಂದು ಚೀನಾದ ವೈದ್ಯರೇ ಹೇಳುತ್ತಾರೆ. ಕಾರಣ ಏನೇ ಇರಲಿ, ಬಸುರಿಯ ಮೇಲೆ ಪ್ರಯೋಗ ಏಕೆ? ನಾವು ಒತ್ತುವುದಿಲ್ಲ. ಎರಡನೆಯದು ಕತ್ತಿನ ಹಿಂದೆ, ತಲೆಬುರುಡೆಯ ಬುಡದಲ್ಲಿ, ನಡುವಿನ ದಪ್ಪ ಸ್ನಾಯುಗಳ ಆಚೀಚೆ ಇರುವ ಎರಡು ಗುಳಿಗಳು. ಟೈಪಿಸ್ಟರ ಕಾಲ ಹೋಗಿ ಕಂಪ್ಯೂಟರಿನವರ ಕಾಲ ಬಂದರೂ ಕತ್ತು ಅದೇ, ಗುಳಿ ಅದೇ. ಎರಡು ಹೆಬ್ಬೆರಳು ಅಲ್ಲಿಟ್ಟು, ಉಳಿದ ಬೆರಳುಗಳಲ್ಲಿ ತಲೆ ಹಿಡಿದು, ಮೆತ್ತಗೆ ಮೇಲ್ಮುಖವಾಗಿ ಒತ್ತುವುದು. ಕತ್ತಿನ ಮುಂಭಾಗ, ಪಕ್ಕದ ನಾಡಿ ಬಡಿಯುವ ಜಾಗ ಮಾತ್ರ ಯಾರೂ ಮುಟ್ಟಕೂಡದು.

ಮೂರನೆಯದು ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳು ಇಳಿದು, ಕಾಲಿನ ಮುಂದಿನ ಎಲುಬಿನಿಂದ ಒಂದು ಬೆರಳಷ್ಟು ಹೊರಗೆ. ಚೀನೀ ಹೆಸರಿನಲ್ಲಿಯೇ ಮೂರು ಲೀ ಎಂದಿದೆ. ಲೀ ಎಂದರೆ ಅವರ ಹರದಾರಿ ಎನ್ನಿ. ಇನ್ನು ಕಾಲು ಸಾಗದು ಎನಿಸಿದಾಗ ಅಲ್ಲಿ ಒತ್ತಿಕೊಂಡರೆ ಇನ್ನೂ ಮೂರು ಲೀ ನಡೆಯಬಹುದೆಂದು ಅರ್ಥ ಹೇಳುತ್ತಾರೆ. ಜಪಾನಿನ ಕವಿ ಬಾಶೋ 1689ರಲ್ಲಿ ದೀರ್ಘ ಕಾಲ್ನಡೆಯ ಪ್ರವಾಸಕ್ಕೆ ಹೊರಡುವ ಮುನ್ನ ಇದೇ ಜಾಗಕ್ಕೆ ಗಿಡಮೂಲಿಕೆಯ ಕಾವು ಕೊಟ್ಟುಕೊಂಡನಂತೆ. ನಾನು ಡೊಂಬಿವಲಿಯಿಂದ ನಿಂತು ಹೋಗುವ ಹೆಚ್ಚುಕಡಿಮೆ 48 ಕಿಲೋಮೀಟರಿಗೆ ಒತ್ತಿಕೊಂಡೆ. ಕವಿತೆ ಹುಟ್ಟಲಿಲ್ಲ, ಕಾಲಿನ ಸೇದುವಿಕೆ ಕಡಿಮೆಯಾದದ್ದು ನಿಜ.

ನಾಲ್ಕನೆಯದು ಮಣಿಕಟ್ಟಿನದು. ಒಳಮೈಯಲ್ಲಿ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ. ಬೆರಳು ಯಾರಿಗೆ ಒತ್ತುತ್ತೇವೋ ಅವರದೇ ಅಳತೆ. ಕೂಸಿಗೆ ಕೂಸಿನ ಬೆರಳು. ವಾಂತಿ, ಹೊಟ್ಟೆ ತೊಳೆಸುವುದಕ್ಕೆ ಇದು. ಮನೆಯಲ್ಲಿ ಒತ್ತುವ ಎಲ್ಲ ಜಾಗಗಳಲ್ಲಿ ವೈದ್ಯರು ಹೆಚ್ಚು ಪರೀಕ್ಷಿಸಿ ನೋಡಿದ್ದು ಇದನ್ನೇ. ಶಸ್ತ್ರಚಿಕಿತ್ಸೆಯ ಆಮೇಲಿನ ವಾಂತಿಯ ಬಗ್ಗೆ ನಡೆದ 59 ಪ್ರಯೋಗಗಳನ್ನು 2015ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಒಟ್ಟುಗೂಡಿಸಿ ನೋಡಿ, ಸುಳ್ಳೇ ಒತ್ತಿದ್ದಕ್ಕಿಂತ ಇಲ್ಲಿ ಒತ್ತಿದ್ದು ಉಪಯೋಗವಾಗಿದೆ ಎಂದರು. ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೆ ಎಂದೂ ಸೇರಿಸಿದರು. ನಮ್ಮ ಪ್ರಯೋಗ ನಡೆದದ್ದು ಹುಬ್ಬಳ್ಳಿ ಬಸ್ಸಿನಲ್ಲಿ, ಖಂಡಾಳಾ ಘಾಟಿಯಲ್ಲಿ. ಮಗಳಿಗೆ ಮೊದಲ ತಿರುವಿಗೇ ಬಾಯಲ್ಲಿ ನೀರೂರುತ್ತಿತ್ತು. ನಾನು ಮಣಿಕಟ್ಟು ಹಿಡಿದೆ. ಅತ್ತೆ ಮೂಗಿಗೆ ಲಿಂಬೆಹಣ್ಣು ಹಿಡಿದು ಅವಳ ತಲೆಯನ್ನು ತೊಡೆಯ ಮೇಲೆ ಒರಗಿಸಿಕೊಂಡರು. ವಾಂತಿಯಾಗಲಿಲ್ಲ. ಒತ್ತಿದ್ದಕ್ಕೋ, ಲಿಂಬೆಗೋ, ತೊಡೆಗೋ ಎಂಬ ಚರ್ಚೆ ಕೊಲ್ಹಾಪುರದವರೆಗೆ ನಡೆಯಿತು.

ಬಾಕಿ ಜಾಗಗಳ ಬಗ್ಗೆ ನನಗೆ ನಂಬಿಕೆ ಇಲ್ಲ. ಚೀನಾ, ಜಪಾನು, ಕೊರಿಯಾದ ತಜ್ಞರಲ್ಲೇ ಎಷ್ಟೋ ಜಾಗಗಳ ಬಗ್ಗೆ ಒಮ್ಮತವಿರಲಿಲ್ಲ. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಕೂತು 361 ಜಾಗಗಳನ್ನು ಗೊತ್ತುಮಾಡಿ 2008ರಲ್ಲಿ ಪುಸ್ತಕ ಹೊರಡಿಸಿದರು. ಜಾಗ ಗೊತ್ತಾದ ಮಾತ್ರಕ್ಕೆ ಗುಣ ಗೊತ್ತಾದಂತಲ್ಲ. ಅಂಗಾಲು ಒತ್ತಿದ್ದರಿಂದ ಸಿಹಿಮೂತ್ರ ಹೋಯಿತು, ಮೂತ್ರಪಿಂಡದ ಕಲ್ಲು ಕರಗಿತು ಎನ್ನುವವರ ಮುಂದೆ ನಾನು ಕೈಮುಗಿದು ಸುಮ್ಮನಾಗುತ್ತೇನೆ. ಸುಮ್ಮನಾಗದೆ ಇರಬೇಕಾದ ಸಂದರ್ಭಗಳೂ ಇವೆ.

ನಮ್ಮ ಅತ್ತೆಯ ಕೈಗುಣ ಎರಡು ಮೂರು ವರ್ಷಗಳಲ್ಲಿ ಕಟ್ಟಡಕ್ಕೆಲ್ಲ ತಿಳಿಯಿತು. ಮರಾಠಿ ಬಾರದ ಮುದುಕಿ ಮಧ್ಯಾಹ್ನದ ಹೊತ್ತು ಗುಜರಾತಿ ಬಾಯಿಯ ಭುಜ, ತಮಿಳು ಮಾಮಿಯ ಸೊಂಟ ಒತ್ತುತ್ತ ಕನ್ನಡದಲ್ಲೇ ಮಾತಾಡುತ್ತಿದ್ದರು. "ಇಲ್ಲೇನು? ಇಲ್ಲೇನು?" ಎಂಬ ಅವರ ಪ್ರಶ್ನೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಕಟ್ಟಡದ ಹುಡುಗರು ಅವರನ್ನು ಇಲ್ಲೇನಜ್ಜಿ ಎಂದೇ ಕರೆಯುತ್ತಿದ್ದರು.

1991ರ ಮಳೆಗಾಲ. ಮೂರನೇ ಮಾಳಿಗೆಯಲ್ಲಿ ಕಾರ್ಕಳ ಕಡೆಯ ದಂಪತಿಗಳಿದ್ದರು. ಆ ಮಾವ ಸ್ಟೇಶನ್ನಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಆರು ವಾರ ಪ್ಲಾಸ್ಟರಿನಲ್ಲಿದ್ದು, ಅದನ್ನು ಬಿಚ್ಚಿಸಿ ಎರಡು ದಿನವಾಗಿತ್ತು. ಮೀನಖಂಡದಲ್ಲಿ ಸೆಳೆತ, ಕಾಲು ಊರಲಾಗದು. ಇಷ್ಟು ದಿನ ಆಡಿಸದ ಕಾಲು, ಚೆನ್ನಾಗಿ ಒತ್ತಿದರೆ ಸಡಿಲಾದೀತು ಎಂದು ಅವರ ಹೆಂಡತಿ ಅತ್ತೆಯನ್ನು ಕರೆಯಲು ಬಂದರು. ರಾತ್ರಿ ಒಂಬತ್ತಾಗಿತ್ತು, ನಾನೂ ಜೊತೆಗೆ ಹೋದೆ. ಅಲ್ಲಿ ಅವರ ಅಣ್ಣನ ಮಗ ಆಗಲೇ ರೋಲರಿಗೆ ಎಣ್ಣೆ ಹಚ್ಚಿ ಸಿದ್ಧವಾಗಿದ್ದ.

ಅತ್ತೆ ಕೂತರು. ಒತ್ತುವ ಮೊದಲು ಅವರದೊಂದು ರೂಢಿ: ಅಂಗೈಯ ಹಿಂಬದಿಯಿಂದ ಎರಡೂ ಕಾಲನ್ನು ಮೇಲಿನಿಂದ ಕೆಳಗೆ ಮುಟ್ಟಿ ನೋಡುವುದು. ಬಲಗಾಲು ನೋಡಿದರು, ಎಡಗಾಲು ನೋಡಿದರು, ಮತ್ತೆ ಬಲಗಾಲು. ನನ್ನನ್ನು ಕರೆದು, "ನೀ ಮುಟ್ಟಿ ನೋಡು" ಎಂದರು. ಮುರಿದಿದ್ದ ಕಾಲಿನ ಮೀನಖಂಡ ಬಿಗಿದು ಊದಿತ್ತು, ಹೊಳೆಯುತ್ತಿತ್ತು, ಇನ್ನೊಂದಕ್ಕಿಂತ ಬಿಸಿಯಾಗಿತ್ತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. "ಇದನ್ನ ನಾ ಒತ್ತಂಗಿಲ್ಲ. ದಣಿದ ಕಾಲು ಎರಡೂ ನೋಯ್ತಾವ. ಇದು ಒಂದ ಕಾಲು ಬಾತೈತಿ, ಕಾವು ಐತಿ. ಡಾಕ್ಟರಿಗೆ ತೋರಸ್ರಿ ಮೊದಲ."

"ನೀವೇ ಹೀಗೆ ಹೇಳಿದ್ರೆ ಹೇಗೆ ಮಾರಾಯ್ರೆ?" ಎಂದು ಮಾವ ಗೊಣಗಿದರು. ನೋವಿನಲ್ಲಿದ್ದವರಿಗೆ ತಾಳ್ಮೆ ಎಲ್ಲಿ? ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದು ಎರಡು ದಿನವಾಗಿಲ್ಲ, ಮಳೆ ಬೇರೆ, ನಾಳೆ ನೋಡೋಣ, ಈಗ ಸ್ವಲ್ಪ ತಿಕ್ಕಿದರೆ ನಿದ್ದೆಯಾದರೂ ಬಂದೀತು ಎಂದು ಹುಡುಗ ರೋಲರ್ ಎತ್ತಿದ. ಅತ್ತೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನೊಳಗಿಟ್ಟುಕೊಂಡು ಅಲ್ಲೇ ಕೂತುಬಿಟ್ಟರು. "ಗಾಡಿ ತರಿಸ್ರಿ. ನಾ ಇಲ್ಲೇ ಕುಂತಿರ್ತೀನಿ." ಅಷ್ಟು ಜನರ ನಡುವೆ ಅವರು ಅಷ್ಟು ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಟೋ ಬಂತು.

ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಬಹಳ ದಿನ ಅಲುಗಾಡದೆ ಇದ್ದ ಕಾಲಿಗೆ ಹೀಗಾಗುವುದುಂಟು. ಇಂಥ ಕಾಲನ್ನು ತಿಕ್ಕಿದರೆ, ಒತ್ತಿದರೆ ಹೆಪ್ಪಿನ ತುಂಡು ಕಿತ್ತುಕೊಂಡು ರಕ್ತದ ಜೊತೆ ಹೃದಯಕ್ಕೆ ಹೋಗಿ ಅಲ್ಲಿಂದ ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಳ್ಳಬಹುದು. ಆಮೇಲೆ ಮನುಷ್ಯ ಉಳಿಯುವ ಭರವಸೆ ಇಲ್ಲ. ರಕ್ತ ತೆಳುವಾಗುವ ಔಷಧ ಕೊಟ್ಟರು. ಹತ್ತು ಹನ್ನೆರಡು ದಿನಕ್ಕೆ ಮಾವ ಮನೆಗೆ ಬಂದರು. ಬಂದ ಮರುದಿನ ಅತ್ತೆಗೊಂದು ಸೀರೆ ಕಳಿಸಿದರು. ಅತ್ತೆ ಸೀರೆ ಇಟ್ಟುಕೊಂಡರು, ರೋಲರನ್ನು ಹಿಂದಿರುಗಿಸಲಿಲ್ಲ.

ಇದೆಲ್ಲ ನಿಮಗೆ ಹೇಗೆ ತಿಳಿಯಿತು ಎಂದು ನಾನು ಆಮೇಲೆ ಕೇಳಿದೆ. ರಕ್ತ, ನಾಳ ಅವರಿಗೆ ಏನೂ ಗೊತ್ತಿರಲಿಲ್ಲ. ಬಾತು ಬಿಸಿಯಾದದ್ದನ್ನು ಹಿಸುಕಬಾರದು, ದನದ ಕೆಚ್ಚಲಾದರೂ ಅಷ್ಟೆ, ಮನುಷ್ಯರ ಕಾಲಾದರೂ ಅಷ್ಟೆ ಎಂದರು. ಪುಸ್ತಕದ ಚಿತ್ರದಲ್ಲಿ ಕಾಲು ಯಾವಾಗಲೂ ಒಂದೇ ಇರುತ್ತದೆ. ಅವರು ಎರಡು ಕಾಲು ನೋಡಿದರು, ಅಷ್ಟೇ ವ್ಯತ್ಯಾಸ.

ಈ ಪ್ರಸಂಗದ ಆಮೇಲೆ ನಮ್ಮ ಮನೆಯಲ್ಲಿ ಒತ್ತಬಾರದ ನೋವುಗಳ ಒಂದು ಪಟ್ಟಿ ತಾನಾಗಿ ಬೆಳೆಯಿತು. ಎದೆ ಹಿಡಿದಂತಾಗಿ ಎಡತೋಳಿಗೋ ದವಡೆಗೋ ಹಬ್ಬುವ ನೋವು, ಜೊತೆಗೆ ಬೆವರು. ಅಂಗೈಯಲ್ಲಿ ಹೃದಯದ ಬಿಂದು ಹುಡುಕುತ್ತ ಕೂರುವ ಹೊತ್ತಲ್ಲ ಅದು. ಇದ್ದಕ್ಕಿದ್ದಂತೆ ಸಿಡಿಲು ಹೊಡೆದಂತೆ ಬಂದ ತಲೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು. ಬಲಗಡೆ ಕೆಳಹೊಟ್ಟೆಗೆ ಇಳಿದು ನಿಂತ ನೋವು. ನಮ್ಮ ಕಡೆ ಹೊಟ್ಟೆನೋವೆಂದರೆ ಬಟ್ಟಿ ಜಾರಿದೆ ಎಂದು ಎಣ್ಣೆ ಹಚ್ಚಿ ತಿಕ್ಕುವ ರೂಢಿ ಬಲವಾಗಿದೆ. ಅದು ಅಪೆಂಡಿಕ್ಸ್ ಆಗಿದ್ದರೆ ತಿಕ್ಕುತ್ತ ಕಳೆದ ಒಂದೊಂದು ಗಂಟೆಯೂ ಅಪಾಯದ್ದು.

ಎಲ್ಲಕ್ಕಿಂತ ಹೆಚ್ಚಾಗಿ ಇವತ್ತಿನ ದಿನ ಹೇಳಬೇಕಾದದ್ದು ಸಕ್ಕರೆ ಕಾಯಿಲೆಯವರ ವಿಷಯ. ಈಗ ಯಾವ ಮನೆಯಲ್ಲಿ ಆ ಕಾಯಿಲೆ ಇಲ್ಲ? ಮೊನಚು ಹಲ್ಲಿನ ಪ್ಲಾಸ್ಟಿಕ್ ಹಲಗೆ, ಮುಳ್ಳಿನ ಚಪ್ಪಲಿ, ರೋಲರು ಹೆಚ್ಚಾಗಿ ಕೊಳ್ಳುವವರೂ ಅವರೇ. ಆದರೆ ಬಹಳ ವರ್ಷ ಸಕ್ಕರೆ ಇದ್ದವರ ಅಂಗಾಲಿನ ಸ್ಪರ್ಶ ಮೆಲ್ಲಗೆ ಸಾಯುತ್ತ ಬಂದಿರುತ್ತದೆ. ಹಲ್ಲು ಚುಚ್ಚಿ ಚರ್ಮ ಹರಿದರೂ ತಿಳಿಯದು. ಹುಣ್ಣಾದದ್ದು ಮೂಗಿಗೆ ತಿಳಿಯಬೇಕು. ಅಂಥವರ ಕಾಲಿಗೆ ಕೈ ಸಾಕು, ಕಟ್ಟಿಗೆ ಬೇಡ. ಅದಕ್ಕಿಂತ ಮೊದಲು ದಿನಾ ರಾತ್ರಿ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು, ಬೆರಳುಗಳ ಸಂದು ಬಿಡಿಸಿ ನೋಡಬೇಕು. ಯಜಮಾನರಿಗೆ ಸಕ್ಕರೆ ಬಂದ ಮೇಲೆ ನಮ್ಮ ಮನೆಯ ರೋಲರು ಅಟ್ಟ ಸೇರಿತು.

ಅತ್ತೆ 2001ರಲ್ಲಿ ಹೋದರು. ಕೊನೆಯ ಎಂಟು ತಿಂಗಳು ಅರ್ಧಾಂಗವಾಯುವಿನಿಂದ ಮಾತು ಕಳೆದುಕೊಂಡಿದ್ದರು. ನಾನು ರಾತ್ರಿ ಬಂದು ಬೀಗದ ಕೈ ಗೂಟಕ್ಕೆ ಹಾಕಿದ ಸದ್ದಾದರೆ ಹೊದಿಕೆಯ ಕೆಳಗಿನಿಂದ ಸ್ವಾಧೀನವಿದ್ದ ಕಾಲನ್ನು ಮೆಲ್ಲಗೆ ಹೊರಗೆ ತಳ್ಳುತ್ತಿದ್ದರು. ನಾನು ಇನ್ನೊಂದನ್ನೂ ತೆಗೆದು ಎರಡನ್ನೂ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಎಲ್ಲಿ ಒತ್ತಲಿ ಎಂದು ಕೇಳುವುದನ್ನು ನಾನು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಅಲ್ಲೇ ಎಂದು ಅರ್ಥ.

ಈಗ ಮಾಲುಗಳಲ್ಲಿ ಕಾಲು ತೂರಿಸಿ ಕೂತರೆ ಹಿಂಡುವ ಯಂತ್ರಗಳು ಬಂದಿವೆ. ಮಗ ಒಂದನ್ನು ಮನೆಗೇ ತರುತ್ತೇನೆಂದ. ಎಷ್ಟು ಗಟ್ಟಿಯಾಗಿ ಒತ್ತಬೇಕೆಂದು ಅದಕ್ಕೆ ಗುಂಡಿ ಇದೆಯಂತೆ, ಮೂರು ಬಗೆ. ಬೇಡವೆಂದೆ. ನಿವೃತ್ತರಾದ ಮೇಲೆ ಯಜಮಾನರಿಗೆ ಸಮಯ ಬೇಕಾದಷ್ಟಿದೆ, ನನ್ನ ಮೊಣಕಾಲುಗಳಿಗೂ ನೋವು ಬೇಕಾದಷ್ಟಿದೆ. ಸಂಜೆ ಏಳರ ಹೊತ್ತಿಗೆ ಅವರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತಾರೆ. ಬಾಗಿಲಿಗೆ ಚಿಲಕ ಹಾಕುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಇಸ್ತ್ರಿಯವನು ಬಟ್ಟೆ ತಂದು ನಿಂತರೂ ಕೈ ತೆಗೆಯುವುದಿಲ್ಲ. ಹೆಚ್ಚು ಹೊತ್ತು ಮಾತ್ರ ಒತ್ತುವುದಿಲ್ಲ. ಎಂಟಕ್ಕೆ ಸುದ್ದಿ ಶುರುವಾಗುತ್ತದೆ.